ಹೂಂ ಅನ್ನುವವರು ಬೇಕು

ಮುದುಕಮ್ಮ ಅಕ್ಕೋರಿಗೆ ಅವರ ಇಡೀ ನೌಕರಿಯಲ್ಲಿ ಸಿಕ್ಕಿದ್ದು ಒಂದೇ ಒಂದು ಮೆಮೊ. ಅದೂ ನನ್ನ ಪರೀಕ್ಷೆಯ ಪಾಠದಲ್ಲಿ ಅವರು ಬಾಯಿ ತೆರೆದರು ಎಂಬ ಕಾರಣಕ್ಕೆ. ಈ ಮಾತು ಹೇಳುವಾಗಲೆಲ್ಲ ಜನ ನನ್ನ ಮುಖದಲ್ಲಿ ಪಶ್ಚಾತ್ತಾಪ ಹುಡುಕುತ್ತಾರೆ. ಹುಡುಕಲಿ. ಆ ಮೆಮೊ ಬಗ್ಗೆ ನನಗಿರುವುದು ಹೆಮ್ಮೆ, ಕೊಟ್ಟವರ ಮೇಲೆ ಇರುವುದು ಇವತ್ತಿಗೂ ಆರದ ಸಿಟ್ಟು.

ಮುದುಕಮ್ಮ ಎಂಬ ಹೆಸರು ಕೇಳಿ ಮುದುಕಿ ಎಂದುಕೊಳ್ಳಬೇಡಿ. ನಮ್ಮ ಕಡೆ ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುತ್ತದೆ, ತೊಟ್ಟಿಲಲ್ಲಿರುವಾಗಲೇ ಮುದುಕಮ್ಮ ಆಗಿಬಿಡುತ್ತಾಳೆ. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ನಾನು ಅವರನ್ನು ಮೊದಲು ಕಂಡಾಗ ಅವರಿಗೆ ನಲವತ್ತೂ ಆಗಿರಲಿಲ್ಲ. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ನೂಲಿನ ಸೀರೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಕಾಲುವೆಗೆ ಹತ್ತಿರದ ಒಂದು ಶಾಲೆಯಲ್ಲಿ ಐದನೆಯ ತರಗತಿ ಅವರದಾಗಿತ್ತು.

ಅವರ ತವರು ಕಂಪ್ಲಿ. ಅಪ್ಪನದು ಅಕ್ಕಿ ಗಿರಣಿ. ಡ್ಯಾಮಿನ ನೀರು ಗದ್ದೆಗಳಿಗೆ ಬಂದ ಮೇಲೆ ಗಿರಣಿ ಹಗಲೂ ರಾತ್ರಿ ತಿರುಗಿತು, ಮನೆಗೆ ಅಂಬಾಸಿಡರ್ ಕಾರು ಬಂತು, ಮಗಳನ್ನು ಸಂಡೂರಿನ ದೊಡ್ಡ ಕಬ್ಬಿಣದ ಸಾಮಾನಿನ ಅಂಗಡಿಯವರ ಮನೆಗೆ ಕೊಟ್ಟರು. ಎರಡು ವರ್ಷಕ್ಕೆ ಮಗಳು ಒಂದು ಟ್ರಂಕು ಹಿಡಿದುಕೊಂಡು ಒಬ್ಬಳೇ ಬಸ್ಸಿನಲ್ಲಿ ವಾಪಸ್ ಬಂದಳು. ಯಾಕೆ ಎಂದು ಅವರು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಊರು ಬಿಡುತ್ತದೆಯೇ, ತಾನೇ ಹತ್ತು ಕಾರಣ ಹುಟ್ಟಿಸಿಕೊಂಡಿತು. ಅಪ್ಪ ಮರಳಿ ಹೋಗು ಎಂದ. ಮಗಳು ಶಿಕ್ಷಕಿಯರ ತರಬೇತಿಗೆ ಹೋದಳು. ನೌಕರಿ ಸಿಕ್ಕ ದಿನ ತಾಯಿಯೂ ಗಿರಣಿ ಮನೆ ಬಿಟ್ಟು ಮಗಳ ಹಿಂದೆ ಚಿತ್ತವಾಡ್ಗಿಯ ಬಾಡಿಗೆ ಮನೆಗೆ ಬಂದರು. ಅಂದಿನಿಂದ ಅಕ್ಕೋರು ಸಂಡೂರಿಗೆ ಕಾಲಿಡಲಿಲ್ಲ. ಅಲ್ಲಿ ಶಿಕ್ಷಕರ ಸಭೆ ಇದ್ದರೆ ಅವತ್ತು ಅವರಿಗೆ ತಪ್ಪದೆ ಜ್ವರ ಬರುತ್ತಿತ್ತು.

ಗಂಡನನ್ನು ಬಿಟ್ಟ ಹೆಂಗಸಿನ ಮೇಲೆ ಎಲ್ಲರ ಕಣ್ಣು. ಒಂದು ತಪ್ಪು ಸಿಗಲಿ ಎಂದು ಕಾಯುವವರೇ ಹೆಚ್ಚು. ಅಕ್ಕೋರು ಆ ತಪ್ಪನ್ನು ಯಾರಿಗೂ ಕೊಡಲಿಲ್ಲ. ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿರುತ್ತಿದ್ದರು, ಇನ್‌ಸ್ಪೆಕ್ಟರ್ ಬಂದರೆ ಅವರ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು.

ನಾನು ಹೊಳೆಮ್ಮ. ನನ್ನ ಊರೂ ಕಂಪ್ಲಿಯೇ, ಆದರೆ ಗಿರಣಿಯ ಕಡೆಯವಳಲ್ಲ, ಗದ್ದೆಯ ಕಡೆಯವಳು. ಅಪ್ಪ ಹುಲುಗಪ್ಪ ಬೇರೆಯವರ ಕಬ್ಬು ಕಡಿಯುವವನು. ಕಾಲುವೆಯಿಂದ ಗದ್ದೆಯ ಒಡೆಯರಿಗೆ ಮಾಳಿಗೆ ಮನೆಯಾಯಿತು, ಅಪ್ಪನಿಗೆ ವರ್ಷವಿಡೀ ಕೂಲಿ ಆಯಿತು, ಆ ಕೂಲಿಯಲ್ಲಿ ನಾನು ಟಿ.ಸಿ.ಎಚ್. ಸೇರಿದೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಲು ಆಗ ಬೇಕಿದ್ದ ತರಬೇತಿ ಅದು. ಮನೆಯಲ್ಲಿ ಮಾತು ಮೊದಲೇ ಆಗಿತ್ತು. ಪಾಸಾದರೆ ನೌಕರಿ, ಫೇಲಾದರೆ ಸೋದರಮಾವ ಎರ್ರಿಯಪ್ಪನ ಜೊತೆ ಲಗ್ನ. ಎರ್ರಿಯಪ್ಪ ಕೆಟ್ಟವನಲ್ಲ. ಅವನಿಗೆ ಹೆಂಡತಿ ಬೇಕಾಗಿತ್ತು, ನನಗೆ ಕರಿಹಲಗೆ ಬೇಕಾಗಿತ್ತು, ಅಷ್ಟೇ.

ತರಬೇತಿ ಸಂಸ್ಥೆಯಲ್ಲಿ ನಮಗೆ ಸೃಜನಾತ್ಮಕ ಬರವಣಿಗೆಯನ್ನು ಕಲಿಸುವುದು ಹೇಗೆ ಎಂಬ ಪಾಠವೂ ಇತ್ತು. ಅದನ್ನು ಉಪನ್ಯಾಸಕರು ಹಳದಿ ಬಣ್ಣಕ್ಕೆ ತಿರುಗಿದ ಹಾಳೆ ನೋಡಿ ಬರೆಸಿದರು, ನಾವು ಬರೆದುಕೊಂಡೆವು. ಸೃಜನಶೀಲತೆಯ ಲಕ್ಷಣಗಳು ಯಾವುವು ಎಂದು ಪರೀಕ್ಷೆಯಲ್ಲಿ ಬಂದರೆ ಒಂದು ಪದವೂ ಆಚೀಚೆ ಆಗದಂತೆ ಬರೆಯಬೇಕು, ಸ್ವಂತ ಮಾತು ಸೇರಿಸಿದರೆ ಅಂಕ ಕಡಿತ ಎಂದರು. ನನಗೆ ನಗು ಬಂತು. ನಕ್ಕಿದ್ದಕ್ಕೆ ಪಾಠ ಮುಗಿಯುವ ತನಕ ನಿಂತುಕೊಂಡೆ. ಮಕ್ಕಳಿಗೆ ಪ್ರಬಂಧ ಕಲಿಸುವ ಕ್ರಮವೂ ಹೀಗೆಯೇ. ಮಾದರಿ ಪ್ರಬಂಧವನ್ನು ಹಲಗೆಯ ಮೇಲೆ ಬರೆಯುವುದು, ಮಕ್ಕಳು ಗಟ್ಟಿಯಾಗಿ ಓದುವುದು, ನಕಲು ಮಾಡುವುದು, ಬಾಯಿಪಾಠ ಮಾಡಿ ಒಪ್ಪಿಸುವುದು. ಆಕಳು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಎಮ್ಮೆ ಕಟ್ಟಿದ ಮನೆಯ ಮಗುವೂ ಆಕಳ ಬಗ್ಗೆಯೇ ಬರೆಯಬೇಕು, ಯಾಕೆಂದರೆ ಹಲಗೆಯ ಮೇಲೆ ಇರುವುದು ಆಕಳು.

ಅಭ್ಯಾಸ ಪಾಠಕ್ಕೆಂದು ನನ್ನನ್ನು ಮುದುಕಮ್ಮ ಅಕ್ಕೋರ ತರಗತಿಗೆ ಹಾಕಿದರು. ಮೊದಲ ವಾರ ನಾನೂ ಆಕಳನ್ನೇ ಕಟ್ಟಿದೆ. ಅಕ್ಕೋರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರು. ಒಂದು ದಿನ ಮಧ್ಯಾಹ್ನದ ಮೇಲೆ, ಕೊನೆಯ ಪಿರಿಯಡ್ಡಿಗೆ, ಅವರು ಎದ್ದು ಬಾಗಿಲು ಹಾಕಿದರು. ಹಾಕಿದ ಬಾಗಿಲಿಗೆ ತಮ್ಮ ಕುರ್ಚಿ ಒತ್ತಿಟ್ಟರು. ಕಿಟಕಿಗಳನ್ನೂ ಮುಚ್ಚಿದರು. ಮಕ್ಕಳು ಯಾರೂ ಹೇಳದೆಯೇ ಇಬ್ಬಿಬ್ಬರಾಗಿ ಎದುರುಬದುರು ತಿರುಗಿ ಕುಳಿತರು. ಒಬ್ಬ ಕತೆ ಶುರು ಮಾಡಿದ, ಎದುರಿಗಿದ್ದವ ಹೂಂ ಅಂದ.

ಹೂಂ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ಹಿರಿಯರು ಕತೆ ಹೇಳುವಾಗ ಕೇಳುವವರು ಮಾತುಮಾತಿಗೆ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ರಾಜಕುಮಾರಿ ಬಾವಿಯಲ್ಲಿದ್ದರೆ ಬಾವಿಯಲ್ಲೇ ಉಳಿದಳು. ಅಕ್ಕೋರ ಅಜ್ಜ ಜಡೆಪ್ಪನವರು ಭಾರಿ ಹಟದವರಂತೆ, ಮೊಮ್ಮಗಳು ತೂಕಡಿಸಿ ಒಂದು ಹೂಂ ತಪ್ಪಿಸಿದರೆ ಮರುದಿನ ಎಷ್ಟು ಗೋಗರೆದರೂ ಆ ಕತೆಯನ್ನು ಮುಂದುವರಿಸುತ್ತಿರಲಿಲ್ಲವಂತೆ. ಎಷ್ಟೋ ಕತೆಗಳ ಅರ್ಧ ನನ್ನ ಹತ್ರ ಉಳದಾವ ಎಂದು ಅಕ್ಕೋರು ನನಗೆ ಒಮ್ಮೆ ಹೇಳಿದ್ದರು. ಆ ಹಟವನ್ನೇ ಅವರು ತರಗತಿಗೆ ತಂದಿದ್ದರು. ನಿಜವಾಗಿ ಮುಂದೇನು ಅನ್ನಿಸಿದರೆ ಮಾತ್ರ ಹೂಂ ಅನ್ನಬೇಕು. ಅನ್ನಿಸದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಹೇಳುವವನು ಆಗ ನಿಂತು, ಎಲ್ಲಿ ಸಪ್ಪೆಯಾಯಿತು ಎಂದು ಯೋಚಿಸಿ, ಅಲ್ಲಿಂದ ಮತ್ತೆ ಹೇಳಬೇಕು. ಪೂರ್ತಿ ಹೂಂ ಸಿಕ್ಕ ಮೇಲೆಯೇ ಪೆನ್ಸಿಲು ಹಿಡಿಯಬೇಕು.

ನೋಡಲು ಸುಲಭ, ಮಾಡಲು ಹೋಗಿ ನಾನು ಮಣ್ಣು ಮುಕ್ಕಿದೆ. ನನ್ನ ಸರದಿ ಬಂದಾಗ ಮಕ್ಕಳ ಮೇಲಿನ ಪ್ರೀತಿಗೆ ಎಲ್ಲದಕ್ಕೂ ಹೂಂ, ಹೂಂ ಅನ್ನುತ್ತಾ ಹೋದೆ. ಹೂಂ ಅನ್ನುತ್ತಲೇ ಆ ಕಡೆ ತಿರುಗಿ ಹಲಗೆಯನ್ನೂ ಒರೆಸುತ್ತಿದ್ದೆ. ಜಂಬವ್ವ ಎಂಬ ಹುಡುಗಿ, ಕಾಲುವೆ ಪಕ್ಕದ ಓಣಿಯವಳು, ನನ್ನ ಹೂಂ ಎಂಥದು ಎಂದು ಪರೀಕ್ಷೆ ಮಾಡಿದಳು. ಆಮ್ಯಾಲೆ ನಮ್ಮೆಮ್ಮಿ ಬಸ್ ಹತ್ತಿ ಗಂಗಾವತಿಗೆ ಹೋತ್ರಿ ಅಂದಳು. ನಾನು ಹೂಂ ಅಂದೆ. ಟಿಕೆಟ್ ತಗಂತ್ರಿ ಅಂದಳು. ಅದಕ್ಕೂ ಹೂಂ ಅಂದೆ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುದುಕಮ್ಮ ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡರು. ಸುಳ್ಳು ಹೂಂ ಅನ್ನೋಕಿಂತ ಬೈಯೋದು ಚಲೋ, ಬೈದ್ರ ನೀನು ಕೇಳಿಸ್ಕೊಂಡೀ ಅಂತಾದ್ರೂ ಗೊತ್ತಾಕ್ಕತಿ ಅಂದರು ಆಮೇಲೆ. ಕೆಂಪು ಶಾಯಿಯ ಪೆನ್ನನ್ನು ನಾನು ಅವತ್ತೇ ಚೀಲದಿಂದ ತೆಗೆದಿಟ್ಟೆ. ಮಗು ಬರೆದ ಮೇಲೆ ತಿದ್ದುವುದು ನನ್ನ ಕೆಲಸ ಎಂದುಕೊಂಡಿದ್ದೆ. ಬರೆಯುವ ಮೊದಲು ಕೇಳುವುದು ಕೆಲಸ, ಮತ್ತು ಅದು ತಿದ್ದುವುದಕ್ಕಿಂತ ಬಹಳ ದಣಿವಿನದು.

ಆದರೆ ಬಾಗಿಲು ಮಾತ್ರ ಸದಾ ಮುಚ್ಚಿರುತ್ತಿತ್ತು. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ನನ್ನ ಕೊನೆಯ ಪಾಠದ ಪರೀಕ್ಷೆಗೆ ಚೀಟಿ ಬಂತು. ವಿಷಯ: ಪ್ರಬಂಧ ರಚನೆ, ಮಳೆಗಾಲ. ನೋಡಲು ಬರುವವರು ಹೊರಗಿನ ಪರೀಕ್ಷಕರು, ಕಟ್ಟುನಿಟ್ಟಿನವರೆಂದು ಹೆಸರಾದವರು. ತರಗತಿಯಲ್ಲಿ ಮಕ್ಕಳು ಉಸಿರಾಡಿದರೂ ಅಂಕ ಕಡಿಯುತ್ತಾರೆ ಎಂದು ಹಿಂದಿನ ವರ್ಷದವರು ಹೆದರಿಸಿದ್ದರು. ಹಿಂದಿನ ದಿನ ಸಂಜೆ ಅಕ್ಕೋರ ಮನೆಗೆ ಹೋಗಿ, ನಾಳೆ ಹೂಂ ಪಾಠವನ್ನೇ ಮಾಡುತ್ತೇನೆ, ಬಾಗಿಲು ತೆರೆದಿಟ್ಟು ಮಾಡುತ್ತೇನೆ ಎಂದೆ.

ಅಕ್ಕೋರು ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಬ್ಯಾಡ ಹೊಳೆಮ್ಮ. ನಾಳಿ ಒಂದಿನ ಆಕಳ ಬಾಲ ಹಿಡಕೊಂಡು ಹೊಳಿ ದಾಟು. ಸರ್ಟಿಫಿಕೇಟ್ ಕೈಗೆ ಬರ್ಲಿ. ಆಮ್ಯಾಲೆ ನಿನ್ನ ದಾರಿ ನಿಂದು."

"ನೀವು ಬಾಲ ಹಿಡದು ಎಷ್ಟು ವರ್ಷಾತು ಅಕ್ಕೋರೆ? ಹೊಳಿ ಇನ್ನಾ ಮುಗದಿಲ್ಲಲ್ಲ."

ಒಳಗಿದ್ದ ಅವರ ತಾಯಿ ಕೆಮ್ಮಿದರು. ಅಕ್ಕೋರು ಎದ್ದು ಹೋಗಿ ಚಹಾ ತಂದು ನನ್ನ ಮುಂದಿಟ್ಟರು. ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಎನ್ನುವವರು ಇದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ನನ್ನ ಅಜ್ಜಿ, ಎರ್ರಿಯಪ್ಪನ ತಾಯಿ, ಆಗಲೇ ನನ್ನ ಲಗ್ನಕ್ಕೆಂದು ಹಸಿರು ಸೀರೆ ತಂದಿಟ್ಟಿದ್ದಳು. ಕಳೆದುಕೊಳ್ಳುವುದು ಏನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಪರೀಕ್ಷಕರು ಬಂದರು. ಕೋಟು, ಕನ್ನಡಕ, ತೊಡೆಯ ಮೇಲೆ ಅಂಕಪಟ್ಟಿ. ಅಕ್ಕೋರು ಎಂದಿನಂತೆ ಹಿಂದಿನ ಬೆಂಚಿನಲ್ಲಿ. ನಾನು ಬಾಗಿಲು ತೆರೆದೇ ಬಿಟ್ಟೆ. ಹಲಗೆಯ ಮೇಲೆ ಮಳೆಗಾಲ ಎಂದು ಬರೆದೆ, ಚೀಟಿಗೆ ಮರ್ಯಾದೆ ಕೊಡಬೇಕಲ್ಲ. ಮಾದರಿಯ ಪ್ರಕಾರ ಮಳೆಗಾಲದಲ್ಲಿ ರೈತ ಆಕಾಶ ನೋಡುತ್ತಾನೆ, ಕಪ್ಪೆ ವಟಗುಟ್ಟುತ್ತದೆ. ಚಿತ್ತವಾಡ್ಗಿಯ ಮಕ್ಕಳಿಗೆ ಆಕಾಶ ಯಾಕೆ? ಅವರ ನೀರು ಕಾಲುವೆಯಲ್ಲಿ ಬರುತ್ತಿತ್ತು. ಆ ವರ್ಷ ದುರಸ್ತಿಗೆಂದು ಕಾಲುವೆ ನಿಲ್ಲಿಸಿ, ಕೆಲವು ದಿನಗಳ ಹಿಂದಷ್ಟೇ ಮತ್ತೆ ನೀರು ಬಿಟ್ಟಿದ್ದರು. ಮಳೆಗಾಲದ ಕೆಳಗೆ ನಾನು ಇನ್ನೊಂದು ಸಾಲು ಬರೆದೆ: ಕಾಲುವೆ ಬಂದ್ ಆದಾಗ ನಮ್ಮ ಓಣಿ. ಇಬ್ಬಿಬ್ಬರು ತಿರುಗಿ ಕುಂದ್ರಿ ಅಂದೆ.

ಕೋಣೆಯ ತುಂಬ ಹೂಂ ಎದ್ದಿತು. ಪರೀಕ್ಷಕರು ಕತ್ತೆತ್ತಿದರು. ಸ್ವಲ್ಪ ಹೊತ್ತಿಗೆ ನಾನು ಜಂಬವ್ವನನ್ನು ಎಬ್ಬಿಸಿ, ಎಲ್ಲರಿಗೂ ಕೇಳುವಂತೆ ನಿನ್ನದು ಹೇಳು ಅಂದೆ. ಇಡೀ ತರಗತಿ ಅವಳಿಗೆ ಹೂಂ ಅನ್ನತೊಡಗಿತು.

ಜಂಬವ್ವನ ಪಕ್ಕದ ಮನೆಯ ದುರ್ಗಕ್ಕನದು ಒಂದು ಹಿತ್ತಾಳೆ ಕೊಡ ಹಿಂದಿನ ವರ್ಷ ಕಾಣೆಯಾಗಿತ್ತು. ದುರ್ಗಕ್ಕ ನೇರವಾಗಿ ಜಂಬವ್ವನ ತಾಯಿಯ ಮೇಲೆ ಕಳ್ಳತನ ಹೊರಿಸಿದ್ದಳು, ಓಣಿಯ ನಡುವೆ ನಿಂತು ಬೈದಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೂ ಸೇರಿಸುತ್ತಿರಲಿಲ್ಲ. ಈಗ ಕಾಲುವೆ ಬಂದ್ ಆಗಿ ಕೆಸರು ಮೇಲೆ ಬಂದಾಗ ಮಕ್ಕಳು ಮೀನು ಹಿಡಿಯಲು ಇಳಿದರು. ಜಂಬವ್ವನ ಕಾಲಿಗೆ ಗಟ್ಟಿಯಾಗಿ ಏನೋ ತಾಗಿತು. ಎಳೆದು ತೊಳೆದರೆ ಕೊಡ, ಕಂಠದ ಮೇಲೆ ದುರ್ಗಕ್ಕನ ಹೆಸರು ಕೊರೆದಿದೆ. ಓಡಿ ಹೋಗಿ ತಾಯಿಗೆ ಕೊಟ್ಟಳು. ತಾಯಿ ಹುಣಿಸೆಹಣ್ಣು, ಬೂದಿ ಹಾಕಿ ಥಳಥಳ ತಿಕ್ಕಿದಳು. ತಿಕ್ಕಿ, ಸೊಂಟಕ್ಕೆ ಸೆರಗು ಕಟ್ಟಿ, ಕೊಡ ಎತ್ತಿಕೊಂಡು ಬೀದಿಗೆ ಇಳಿದಳು. ಹೂಂ, ಅಂದಿತು ತರಗತಿ, ಎಲ್ಲರೂ ಮುಂದಕ್ಕೆ ಬಾಗಿ.

"ಸೈಲೆನ್ಸ್," ಎಂದರು ಪರೀಕ್ಷಕರು. ಡಸ್ಟರಿನಿಂದ ಮೇಜಿಗೆ ಎರಡು ಸಲ ಕುಟ್ಟಿದರು. ಇದು ಪಾಠವೋ ಸಂತೆಯೋ ಎಂದು ನನ್ನನ್ನು ಕೇಳಿದರು. ಹುಡುಗಿ ಮಾತಾಡಲಿ, ಉಳಿದವರು ತುಟಿ ಪಿಟಕ್ಕೆನ್ನಬಾರದು ಎಂದರು.

ಮಕ್ಕಳು ಸುಮ್ಮನಾದರು. ಜಂಬವ್ವ ನಿಂತೇ ಇದ್ದಳು. ಮುಂದೆ ಹೇಳು ಎಂದರು ಪರೀಕ್ಷಕರು. ಅವಳು ಹೇಳಲಿಲ್ಲ. ಮತ್ತೆ ಗದರಿದರು. ಹುಡುಗಿಗೆ ಕಣ್ಣಲ್ಲಿ ನೀರು ತುಂಬಿತು, ಆದರೂ ಕತ್ತು ಬಗ್ಗಿಸಲಿಲ್ಲ.

"ಹೂಂ ಅನ್ನೋರ ಇಲ್ಲಲ್ರಿ. ಯಾರಿಗೆ ಹೇಳ್ಲಿ?"

ನಾನು ಹೂಂ ಅನ್ನಬೇಕಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಹಸಿರು ಸೀರೆ ಕಣ್ಣಮುಂದೆ ಬಂತು. ಆಗ ಹಿಂದಿನ ಬೆಂಚಿನಿಂದ ಕೇಳಿಸಿತು, ಗಟ್ಟಿಯಾಗಿ, ನಿಧಾನವಾಗಿ.

"ಹೂಂ."

ಪರೀಕ್ಷಕರು ತಿರುಗಿ ನೋಡಿದರು. ಮುದುಕಮ್ಮ ಅಕ್ಕೋರು ಎದ್ದು ನಿಂತಿದ್ದರು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಇದು ನನ್ನ ಕ್ಲಾಸು ಸರ್. ಹೂಂ ಅನ್ನೋದು ನಾ ಕಲಿಸಿದ್ದು, ಇಷ್ಟು ವರ್ಷ ಬಾಗಲಾ ಹಾಕ್ಕೊಂಡು ಕಲಿಸಿದೆ. ಈ ಹೊಳೆಮ್ಮ ಬಾಗಲಾ ತೆರದಾಳ, ಅಷ್ಟ. ಬರಕೊಳ್ಳೋದಿದ್ರ ನನ್ನ ಹೆಸರು ಬರಕೊಳ್ರಿ." ಆಮೇಲೆ ಜಂಬವ್ವನ ಕಡೆ ತಿರುಗಿದರು. "ಹೂಂ. ನಿಮ್ಮವ್ವ ಬೀದಿಗೆ ಇಳದ್ಲು. ಮುಂದ?"

ಜಂಬವ್ವ ಮೂಗು ಒರೆಸಿಕೊಂಡಳು. ಅವ್ವ ಬೀದಿಗೆ ಇಳಿದು ದುರ್ಗಕ್ಕನ ಮನೆಯ ತನಕ ಹೋದಳು, ಬಾಗಿಲ ಮುಂದೆ ನಿಂತಳು, ಒಂದು ಮಾತೂ ಆಡದೆ ತಿರುಗಿ ಬಂದಳು. ಹೂಂ, ಅಂದರು ಅಕ್ಕೋರು. ಹೂಂ, ಅಂದೆ ನಾನು, ದನಿ ಬಂದಿತ್ತು. ಯಾಕವ್ವಾ ಎಂದು ಜಂಬವ್ವ ಕೇಳಿದ್ದಕ್ಕೆ ತಾಯಿ, ಕೊಡ ಬರಿದು ಐತಿ, ಪರರ ಕೊಡ ಬರಿದು ವಾಪಸ್ ಕೊಡಬಾರದು, ಬರಿದು ಕೊಟ್ರ ನಾನೂ ಅಕಿನೂ ಒಂದ ಆಗ್ತೀವಿ ಅಂದಳು. ಹೂಂ, ಅಂದವು ಎರಡು ಮೂರು ಮಕ್ಕಳು. ಓಣಿಯಲ್ಲಿ ಅವತ್ತು ನೀರಿಲ್ಲ. ತಾಯಿ ಬೋರಿಂಗಿನ ತನಕ ನಡೆದು, ಸರದಿಯಲ್ಲಿ ಬಿಸಿಲಿಗೆ ನಿಂತು, ದುರ್ಗಕ್ಕನ ಕೊಡ ತುಂಬಿಸಿ ತಂದು ಅವಳ ಹೊಸ್ತಿಲಿಗೆ ಇಟ್ಟಳು. ತನ್ನ ಮನೆಯ ಕೊಡ ಅವತ್ತು ಖಾಲಿಯೇ ಉಳಿಯಿತು. ಇಡೀ ತರಗತಿ ಹೂಂ ಅಂದಿತು, ಕಿಟಕಿಯ ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು. ದುರ್ಗಕ್ಕ ಮಾತಾಡಿದಳೇ ಎಂದು ಒಬ್ಬ ಕೇಳಿದ. ಇನ್ನಾ ಇಲ್ಲ ಅಂದಳು ಜಂಬವ್ವ, ಆದ್ರ ಕಾಲುವಿಗೆ ನೀರು ಬಂದ ಮ್ಯಾಲೆ ಒಗಿಯೋ ಕಲ್ಲಿನ ಮ್ಯಾಲೆ ಅರ್ಧ ಜಾಗ ಬಿಟ್ಟು ಕುಂದ್ರತಾಳ.

ಪರೀಕ್ಷಕರ ಪೆನ್ನು ನಿಂತಿತ್ತು. ಅವರು ಒಪ್ಪಿಕೊಳ್ಳಲಿಕ್ಕಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಮಕ್ಕಳು ಹಾಳೆಗೆ ತಲೆ ಬಗ್ಗಿಸಿ ಬರೆಯತೊಡಗಿದ ಮೇಲೆ ಅವರು ಅಂಕಪಟ್ಟಿಗೆ ಮರಳಿದರು. ಪಾಠ ಮುಗಿದ ಮೇಲೆ ನಾನು ಅವರ ಮುಂದೆ ಹೋಗಿ, ಕಲಿಸಿದ್ದು ಅಕ್ಕೋರಾದರೂ ಮಾಡಿದವಳು ನಾನು, ನನ್ನ ಹೆಸರಿಗೇ ಬರೆಯಿರಿ ಅಂದೆ. ಅವರು ಅಂಕಪಟ್ಟಿ ಮಡಚಿಕೊಂಡು ಹೊರಟರು.

ಫಲಿತಾಂಶ ನೋಡಿದರೆ ನನ್ನನ್ನು ಪಾಸು ಮಾಡಿದ್ದರು, ಗೆರೆಗೆ ಸರಿಯಾಗಿ, ಅದಕ್ಕಿಂತ ಒಂದು ಅಂಕ ಹೆಚ್ಚಿಲ್ಲ. ತಪ್ಪೆಲ್ಲ ತರಗತಿಯ ಶಿಕ್ಷಕಿಯದು ಎಂದು ವರದಿ ಕಳಿಸಿದ್ದರು. ಹಸಿರು ಸೀರೆಯನ್ನು ಎರ್ರಿಯಪ್ಪನ ತಾಯಿ ಬೇರೆ ಸೊಸೆಗೆ ಉಡಿಸಿದಳು. ಅಕ್ಕೋರಿಗೆ ಮೆಮೊ ಬಂತು, ಪರೀಕ್ಷಾ ಪಾಠದಲ್ಲಿ ಗದ್ದಲಕ್ಕೆ ಪ್ರಚೋದನೆ ಕೊಟ್ಟಿದ್ದಕ್ಕೆ ಕಾರಣ ತಿಳಿಸಿ ಎಂದು. ಅವರು ಬರೆದ ಉತ್ತರ ಇಷ್ಟೇ: ಮಗು ಕತೆ ಹೇಳುತ್ತಿತ್ತು. ಹೂಂ ಅನ್ನಬೇಕಿತ್ತು. ಅಂದೆ. ಕೆಳಗೆ ಕ್ಷಮೆ ಕೋರುತ್ತೇನೆ ಎಂದು ಒಂದು ಸಾಲು ಸೇರಿಸಿ, ಎಲ್ಲ ಮುಗಿದುಹೋಗುತ್ತದೆ ಎಂದು ಹೆಡ್ ಮಾಸ್ತರು ಕೈಮುಗಿದು ಕೇಳಿಕೊಂಡರಂತೆ. ಅಕ್ಕೋರು ಪೆನ್ನಿನ ಮುಚ್ಚಳ ಹಾಕಿದರಂತೆ.

ಬೇಸಿಗೆ ರಜೆ ಮುಗಿಯುವುದರೊಳಗೆ ವರ್ಗದ ಆರ್ಡರ್ ಬಂತು. ಸಂಡೂರಿಗೆ. ಜಿಲ್ಲೆಯಲ್ಲಿ ಬೇರೆ ಊರು ಇರಲಿಲ್ಲವೇ? ಇತ್ತು. ಎಲ್ಲಿ ನೋಯುತ್ತದೆ ಎಂದು ಗೊತ್ತಿದ್ದವರೇ ಆ ಊರು ಆರಿಸಿದ್ದು ಎಂದು ನಾನು ನಂಬಿದ್ದೇನೆ, ಇಲ್ಲವೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅಕ್ಕೋರು ಜ್ವರ ಎನ್ನಲಿಲ್ಲ. ಹಿಂದೆ ಸಂಡೂರಿನಿಂದ ತಂದಿದ್ದ ಟ್ರಂಕನ್ನೇ ಹಿಡಿದುಕೊಂಡು ತಾಯಿಯ ಜೊತೆ ಬಸ್ ಹತ್ತಿದರು.

ನನಗೆ ಮರಿಯಮ್ಮನಹಳ್ಳಿ ಕಡೆ ನೌಕರಿ ಸಿಕ್ಕಿತು. ಮೊದಲ ಸಂಬಳ ಬಂದ ಮೇಲೆ ಒಂದು ರಜೆ ಹಾಕಿ ಸಂಡೂರಿಗೆ ಹೋದೆ. ಅದಿರಿನ ಲಾರಿಗಳ ಧೂಳಿಗೆ ದಾರಿ, ಗಿಡ, ಗೋಡೆ ಎಲ್ಲ ಕೆಂಪು. ಶಾಲೆ ಎಲ್ಲಿ ಎಂದು ಪೇಟೆಯಲ್ಲಿ ಕೇಳಿದೆ. ಆ ಕಬ್ಬಿಣದ ಅಂಗಡಿ ಎದುರಿಗೆ ಎಂದು ತೋರಿಸಿದರು. ಅಂಗಡಿಯ ಫಲಕದ ಮೇಲೆ ಅಕ್ಕೋರು ಬಿಟ್ಟು ಬಂದಿದ್ದ ಮನೆತನದ ಹೆಸರು ಓದಿ ನನ್ನ ಕಾಲು ನಿಂತಿತು. ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿಕೂದಲಿನ ಗಂಡಸೊಬ್ಬ ಕುಳಿತಿದ್ದ. ಅವನು ರಸ್ತೆಯಾಚೆ ನೋಡುತ್ತಿದ್ದ. ನಾನೂ ನೋಡಿದೆ.

ರಸ್ತೆಗೆ ಮುಖ ಮಾಡಿದ ತರಗತಿಯ ಬಾಗಿಲು ಅಗಲವಾಗಿ ತೆರೆದಿತ್ತು. ಗಾಳಿಗೆ ಮುಚ್ಚಬಾರದೆಂದು ಅದಕ್ಕೆ ಒಂದು ದೊಡ್ಡ ಅದಿರುಗಲ್ಲನ್ನು ಒತ್ತಿಟ್ಟಿದ್ದರು. ಒಳಗಿನಿಂದ ಬರುತ್ತಿದ್ದ ಹೂಂ ಲಾರಿಗಳ ಸದ್ದಿನ ನಡುವೆಯೂ ರಸ್ತೆಗೆ ಕೇಳಿಸುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು, ಅಕ್ಕೋರೆ, ಎದುರಿನ ಅಂಗಡಿ ತನಕ ಎಲ್ಲಾ ಕೇಳ್ತದ ಅಂದೆ.

ಮುದುಕಮ್ಮ ಅಕ್ಕೋರು ಹೊರಗೆ ನೋಡಲಿಲ್ಲ.

"ಕೇಳ್ಲಿ ಅಂತನ ತೆರದೀನಿ," ಎಂದರು. "ಒಳಗ ಬಾ, ಆ ಹುಡುಗನ ಕತಿ ನಿಂತತಿ."

ನಾನು ಕಲ್ಲು ದಾಟಿ ಒಳಗೆ ಹೋಗಿ, ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ಕುಳಿತು, ಹೂಂ ಅಂದೆ.